ಎಣ್ಣೆಯ ಪಂಪಿನ ಫಲಕದ ವೃತ್ತಾಂತ

ಟಿಕೋಟಾ, ಬಬಲೇಶ್ವರಗಳಿಂದ ವಿಜಯಪುರಕ್ಕೆ ಓದಲು ಬರುವ ಬಾಲಿಕೆಯರು ಪೆಟ್ರೋಲು ಪಂಪುಗಳ ಫಲಕಗಳನ್ನು ನಿತ್ಯವೂ ಕಾಣುತ್ತಾರೆ. ಆ ಹೆಸರುಗಳು ಹೇಗೆ ಬಂದವೆಂಬದನ್ನು ನಾವು ಇಲ್ಲಿ ಸಂಕ್ಷೇಪವಾಗಿ ತಿಳಿಸುವೆವು.

ಪೂರ್ವದಲ್ಲಿ ಈ ದೇಶದ ಎಣ್ಣೆಯ ವ್ಯಾಪಾರವು ಬಹುಮಟ್ಟಿಗೆ ಬರ್ಮಾ ಶೆಲ್, ಎಸ್ಸೋ, ಕ್ಯಾಲ್ಟೆಕ್ಸ್ ಎಂಬ ಪರದೇಶದ ಕಂಪನಿಗಳ ಕೈಯಲ್ಲಿತ್ತು. ಸಮಾಜವಾದದ ಮಾರ್ಗವನ್ನು ಹಿಡಿದ ಸರಕಾರವು 1956ರ ಕೈಗಾರಿಕಾ ನೀತಿಯಲ್ಲಿ ಖನಿಜತೈಲವನ್ನು ತನ್ನ ಹೊಣೆಯೆಂದು ಸಾರಿತು. 1959ರಲ್ಲಿ ಇಂಡಿಯನ್ ಆಯಿಲ್ ಕಂಪನಿಯು ಹುಟ್ಟಿತು. 1960ರ ಆಗಸ್ಟಿನಲ್ಲಿ ಸೋವಿಯೆತ್ ದೇಶದ ಡೀಸೆಲನ್ನು ಹೊತ್ತ ಹಡಗು ಮುಂಬಯಿಗೆ ಬಂದಿತು. ಅದೇ ಕಂಪನಿಯ ಮೊದಲಿನ ಸರಕು. 1964ರಲ್ಲಿ ಸರಕಾರದ ಶುದ್ಧೀಕರಣ ಸಂಸ್ಥೆಯೊಡನೆ ಕೂಡಿ ಅದು ಕಾರ್ಪೊರೇಶನ್ ಆಯಿತು. 1974ರಲ್ಲಿ ಎಸ್ಸೋ ಹೋಗಿ ಹಿಂದುಸ್ತಾನ್ ಪೆಟ್ರೋಲಿಯಮ್ ಬಂದಿತು. 1976ರಲ್ಲಿ ಸರಕಾರದ ವಶವಾದ ಬರ್ಮಾ ಶೆಲ್ ಮರುವರ್ಷ ಭಾರತ್ ಪೆಟ್ರೋಲಿಯಮ್ ಎಂಬ ಹೆಸರನ್ನು ಪಡೆಯಿತು.

ಒಡೆತನ ಬದಲಾದ ಮಾತ್ರಕ್ಕೆ ನೆಲದೊಳಗಿನ ಎಣ್ಣೆಯು ಹೆಚ್ಚಲಿಲ್ಲ. ಈಗಲೂ ಅದರ ಬಹುಭಾಗವು ಸಮುದ್ರದಾಚೆಯಿಂದಲೇ ಬರುವದು. ಆದರೆ ಯಾರಿಂದ ಕೊಳ್ಳಬೇಕು, ಯಾವ ಊರಿಗೆ ಮುಟ್ಟಿಸಬೇಕು ಎಂಬ ನಿರ್ಣಯದಲ್ಲಿ ದೇಶಕ್ಕೆ ಅಧಿಕಾರವು ದೊರೆಯಿತು. ನಮ್ಮ ಹೊಲದ ಟ್ರ್ಯಾಕ್ಟರೂ ಮಕ್ಕಳನ್ನು ತರುವ ಬಸ್ಸೂ ಇದನ್ನೇ ನಂಬಿರುವವು.

ಆದ್ದರಿಂದ ಪಾಲಕರೇ, ಹಳೆಯ ವಿದ್ಯಾರ್ಥಿನಿಯರೇ, ಮಕ್ಕಳು ಆ ಫಲಕವನ್ನು ತೋರಿಸಿ ಕೇಳಿದರೆ ಈ ವೃತ್ತಾಂತವನ್ನು ಹೇಳಿರಿ. ಒಡೆತನದೊಡನೆ ಮಿತವ್ಯಯದ ಹೊಣೆಯೂ ಬರುವದೆಂಬದನ್ನು ಕಲಿಸಿರಿ.