ಅಕಲೇಸಿಯಾ: ರೋಗಿಯಿಂದ ರೋಗಿಗೆ ಬದಲಾಗುವ ಲಕ್ಷಣಗಳು

ಅನ್ನನಾಳವು ಜಠರವನ್ನು ಸೇರುವಲ್ಲಿರುವ ಸ್ನಾಯುವು ನುಂಗುವಾಗ ಸಡಿಲಗೊಳ್ಳದೆ, ಆಹಾರವನ್ನು ಕೆಳಕ್ಕೆ ತಳ್ಳುವ ಚಲನೆಯೂ ಕೆಡುವ ಅಪರೂಪದ ಕಾಯಿಲೆಯನ್ನು ಅಕಲೇಸಿಯಾ ಎನ್ನಲಾಗುತ್ತದೆ. ನಾಳದ ಗೋಡೆಯಲ್ಲಿನ ನರಕೋಶಗಳು ನಶಿಸುವುದು ಇದಕ್ಕೆ ಕಾರಣವಾಗಿರುತ್ತದೆ.

ಬಹುತೇಕ ರೋಗಿಗಳಿಗೆ ಅನ್ನ, ಚಪಾತಿಯಷ್ಟೇ ಅಲ್ಲದೆ ನೀರು, ಗಂಜಿಯೂ ಎದೆಯಲ್ಲಿ ನಿಂತಂತಾಗುತ್ತದೆ. ಆದರೆ ಎಲ್ಲರಲ್ಲಿಯೂ ಹೀಗೆಯೇ ಇರುವುದಿಲ್ಲ. ಈ ಕಾಯಿಲೆಯ ಮೂರು ಬಗೆಗಳ ಪೈಕಿ, ನಾಳವು ಸೆಳೆತದಿಂದ ಸಂಕುಚಿಸುವ ಮೂರನೆಯ ಬಗೆಯಲ್ಲಿ ಎದೆನೋವೇ ಪ್ರಧಾನವಾಗಿರಬಹುದು. ಕೆಲವರು ರಾತ್ರಿ ಕೆಮ್ಮಿನಿಂದ ಎಚ್ಚರಗೊಂಡು, ಜೀರ್ಣವಾಗದ ಆಹಾರವು ಬಾಯಿಗೆ ಮರಳಿರುವುದನ್ನು ಕಾಣುತ್ತಾರೆ. ಎದೆಯುರಿಯೂ ಇರುವುದರಿಂದ ಆಮ್ಲೀಯತೆಯೆಂದು ಭಾವಿಸಿ ವರ್ಷಗಟ್ಟಲೆ ಮಾತ್ರೆ ಸೇವಿಸಿದವರೂ ಉಂಟು. ನಿಧಾನವಾಗಿ ಉಣ್ಣುವುದನ್ನು ರೂಢಿಸಿಕೊಂಡವರಂತೂ ತಮಗೆ ತೊಂದರೆಯೇ ಇಲ್ಲವೆನ್ನುತ್ತಾರೆ. ನಾಳವು ಒಳಗೆ ಹಿಗ್ಗುತ್ತಲೇ ಇರಬಹುದು.

ಆದುದರಿಂದ ದ್ರವ ನುಂಗಲು ಕಷ್ಟ, ರಾತ್ರಿಯ ಕೆಮ್ಮು, ತೂಕ ಇಳಿಕೆ ಇವುಗಳನ್ನು ವೈದ್ಯರು ಕೇಳದಿದ್ದರೂ ತಿಳಿಸತಕ್ಕದ್ದು. ಎಂಡೋಸ್ಕೋಪಿ ವರದಿಯು ಸಹಜವೆಂದು ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಾಗುವುದಿಲ್ಲ. ಬೇರಿಯಂ ಎಕ್ಸ್-ರೇ ಹಾಗೂ ನಾಳದ ಒತ್ತಡವನ್ನು ಅಳೆಯುವ ಮಾನೋಮೆಟ್ರಿ ಪರೀಕ್ಷೆ ಅಗತ್ಯವಾಗಬಹುದು. ವಯಸ್ಸಾದವರಲ್ಲಿ ಕೆಲವೇ ತಿಂಗಳುಗಳಲ್ಲಿ ನುಂಗುವ ಕಷ್ಟ ಹೆಚ್ಚಿ ತೂಕವೂ ಇಳಿದಲ್ಲಿ, ಕ್ಯಾನ್ಸರ್ ಇಲ್ಲವೆಂಬುದನ್ನು ವಿಳಂಬವಿಲ್ಲದೆ ಖಚಿತಪಡಿಸಿಕೊಳ್ಳತಕ್ಕದ್ದು.