ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು

ಹೆತ್ತವರ ಪೋಷಣೆಗೆಂದು ನಮ್ಮಲ್ಲಿ 2007ರಿಂದ ಒಂದು ಕೇಂದ್ರ ಕಾಯ್ದೆಯಿದೆ. ವಯಸ್ಸಾದವರನ್ನು ಬೀದಿಪಾಲು ಮಾಡಿದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲೂ ಅವಕಾಶವಿದೆ. ಕೈಬಿಟ್ಟ ಮಕ್ಕಳ ಮೇಲೆ ಕಣ್ಣಿಟ್ಟ ಕಾನೂನು ಇದು. ಆದರೆ ಲಕ್ವ ಹೊಡೆದು ಮಲಗಿದ ತಾಯಿಯನ್ನು ಹಗಲಿರುಳು ನೋಡಿಕೊಳ್ಳುವ ಮಗಳಿಗೆ, ಸೊಸೆಗೆ ಇದರಿಂದ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದ ನೆರವು ಮನೆ ಬಾಗಿಲಿಗೇ ಬರಬೇಕು, ಅದನ್ನು ಊರೇ ಹೊತ್ತು ತರಬಹುದು ಎಂಬುದಕ್ಕೆ ಕೇರಳದ ಪ್ಯಾಲಿಯೇಟಿವ್ ಕೇರ್ (ಉಪಶಾಮಕ ಆರೈಕೆ) ಘಟಕಗಳೇ ಸಾಕ್ಷಿ.

ಕಲ್ಲಿಕೋಟೆಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಕ್ಯಾನ್ಸರ್ ರೋಗಿಗಳ ನೋವು ತಗ್ಗಿಸಲು ಈ ಕೆಲಸ ಆರಂಭಿಸಿದರು. ಆಸ್ಪತ್ರೆಯವರೆಗೆ ಬರಲಾರದವರೇ ಹೆಚ್ಚಿದ್ದರಿಂದ, ಕ್ರಮೇಣ ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ಊರಿನವರೇ ಘಟಕ ಕಟ್ಟಿಕೊಂಡರು. 2008ರಲ್ಲಿ ರಾಜ್ಯ ಸರ್ಕಾರ ಇದನ್ನು ನೀತಿಯಾಗಿಸಿತು. ಪಂಚಾಯಿತಿಗಳು ನರ್ಸ್‌ಗಳನ್ನು ಮನೆಮನೆಗೆ ಕಳಿಸತೊಡಗಿದವು. ಇದರ ಜೀವಾಳ ಸ್ವಯಂಸೇವಕರು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಯಾರು ಬೇಕಾದರೂ ಸೇರಬಹುದು. 16 ಗಂಟೆಗಳ ತರಗತಿ, ಜೊತೆಗೆ ನಾಲ್ಕು ದಿನ ತಂಡದೊಂದಿಗೆ ಪ್ರತ್ಯಕ್ಷ ಕೆಲಸ, ಇಷ್ಟು ತರಬೇತಿ. ಮುಖ್ಯವಾಗಿ ಕಲಿಯಬೇಕಾದದ್ದು ಉಪದೇಶ ಮಾಡದೆ ಕೇಳಿಸಿಕೊಳ್ಳುವುದು. ನರ್ಸ್ ಮನೆಗೆ ಬಂದಾಗ ಕ್ಯಾಥೆಟರ್ ಬದಲಿಸುತ್ತಾರೆ, ಹಾಸಿಗೆ ಹುಣ್ಣು ತೊಳೆದು ಬ್ಯಾಂಡೇಜು ಕಟ್ಟುತ್ತಾರೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಮಾಡಿ ತೋರಿಸುತ್ತಾರೆ. ಕೊಳೆತ ಗಾಯಕ್ಕೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಉದುರಿಸಿದರೆ ದುರ್ವಾಸನೆ ಇಳಿಯುತ್ತದೆ. ಸಣ್ಣ ಉಪಾಯ ಅನ್ನಿಸಬಹುದು. ಆದರೆ ನೆಂಟರಿಷ್ಟರು ಹೊಸಿಲಲ್ಲೇ ನಿಂತು ಮಾತಾಡಿಸಿ ಹೋಗುವುದು ಆ ವಾಸನೆಗೇ. ಅದು ಹೋದರೆ ಮನೆಗೆ ಮತ್ತೆ ಜನ ಬರುತ್ತಾರೆ. ನರ್ಸ್ ಕೆಲಸ ಮುಗಿಸುವಷ್ಟರಲ್ಲಿ ಸ್ವಯಂಸೇವಕಿ ಅಡುಗೆಮನೆಯಲ್ಲಿ ಮಗಳ ಜೊತೆ ಕೂತು ನಿದ್ದೆ, ಊಟ, ಪಿಂಚಣಿ ಅರ್ಜಿ ಎಲ್ಲವನ್ನೂ ವಿಚಾರಿಸುತ್ತಾಳೆ. ತೀರಾ ಬಡವರ ಮನೆಯಾದರೆ ಅಕ್ಕಿ, ಮಕ್ಕಳ ಓದಿನ ಖರ್ಚಿಗೂ ಘಟಕ ದಾರಿ ಹುಡುಕುತ್ತದೆ.

ಹೆತ್ತವರ ಸೇವೆ ಮಕ್ಕಳ ಧರ್ಮ, ಅದಕ್ಕೆ ಹೊರಗಿನವರೇಕೆ ಎಂದು ಕೇಳುವವರಿದ್ದಾರೆ. ಧರ್ಮವೇನೋ ಹೌದು. ಆದರೆ ನಾಲ್ಕಾರು ಸೊಸೆಯಂದಿರು, ಅತ್ತಿಗೆ ನಾದಿನಿಯರು ಇದ್ದ ತುಂಬು ಮನೆಯಲ್ಲಿ ಹಂಚಿಹೋಗುತ್ತಿದ್ದ ಕೆಲಸ ಈಗ ಒಬ್ಬಳ ತಲೆಗೇ ಬಿದ್ದಿದೆ. ಅವಳೇ ಹಾಸಿಗೆ ಹಿಡಿದರೆ ಧರ್ಮ ನಡೆಸುವವರು ಯಾರು? ಅರೆಬರೆ ಕಲಿತವರ ಕೈಗೆ ರೋಗಿಯನ್ನು ಒಪ್ಪಿಸುವುದು ಸರಿಯೇ ಎಂಬುದು ಇನ್ನೊಂದು ಆಕ್ಷೇಪ. ಔಷಧಿ, ಚಿಕಿತ್ಸೆಯನ್ನು ಅಲ್ಲಿ ವೈದ್ಯರು ಮತ್ತು ನರ್ಸ್‌ಗಳೇ ನೋಡಿಕೊಳ್ಳುತ್ತಾರೆ. ಸ್ವಯಂಸೇವಕರ ಪಾಲಿನದು ಉಳಿದ ಆಸರೆ. ಕೇರಳದ ಮಾತೇ ಬೇರೆ ಎಂಬ ವಾದದಲ್ಲಿ ಮಾತ್ರ ಹುರುಳಿದೆ. ಅಧಿಕಾರ ಹಂಚಿದ 1996ರ ಜನತಾ ಯೋಜನೆಯ ನಂತರ ಅಲ್ಲಿನ ಪಂಚಾಯಿತಿಗಳ ಕೈಯಲ್ಲಿ ಹಣವೂ ಅಧಿಕಾರವೂ ಇವೆ. ಆದರೆ ಘಟಕಗಳು ಹುಟ್ಟಿದ್ದು ಸರ್ಕಾರದ ಆದೇಶದಿಂದಲ್ಲ. ಊರಿನವರ ಚಿಲ್ಲರೆ ದೇಣಿಗೆಯಿಂದ ಮೊದಲು ನಡೆದವು, ಆದೇಶ ಆಮೇಲೆ ಬಂತು.

ನಮ್ಮಲ್ಲೂ ಗ್ರಾಮ ಪಂಚಾಯಿತಿಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ, ಸ್ತ್ರೀಶಕ್ತಿ ಸಂಘಗಳಿವೆ. ಹಿರಿಯರ ಸಹಾಯವಾಣಿ 14567 ಕೂಡ ಇದೆ. ಮಾಹಿತಿಗೆ, ಸಲಹೆಗೆ ಆ ಸಂಖ್ಯೆ ಒದಗುತ್ತದೆ. ಆದರೆ ಅಮ್ಮನ ಮಗ್ಗುಲು ಬದಲಿಸಲು ಇನ್ನೊಂದು ಜೊತೆ ಕೈಯೇ ಬೇಕು. ಹೆರಿಗೆಗೂ ಸಾವಿಗೂ ಕರೆಯದೆ ಓಡಿಬರುತ್ತಿದ್ದ ಕೇರಿಯವರು ಇನ್ನೂ ಎಷ್ಟೋ ಊರುಗಳಲ್ಲಿದ್ದಾರೆ. ಆ ಎರಡರ ನಡುವಿನ ದೀರ್ಘ ಮುಪ್ಪಿಗೂ ಅವರು ಬರುವಂತಾಗಲು ಯಾರಾದರೂ ಮುಂದೆ ನಿಂತು ಸಂಘಟಿಸಬೇಕು. ಮಕ್ಕಳೆಲ್ಲ ಪಟ್ಟಣ ಸೇರಿ ಕೇರಿಗಳೇ ಖಾಲಿಯಾಗುವ ಮುಂಚೆ ಆ ಕೆಲಸ ಆಗಬೇಕಿದೆ.