ಗಾಡಿ ಕೊಳ್ಳುವ ಮುಂಚೆ ಕರೆಂಟ್ ಬಿಲ್ ನೋಡಿ

ಜಹೀರಾಬಾದ್: ಎಲೆಕ್ಟ್ರಿಕ್ ಗಾಡಿಗಳಿಗೆ ರಸ್ತೆ ತೆರಿಗೆ, ನೋಂದಣಿ ಶುಲ್ಕದ ವಿನಾಯಿತಿಯನ್ನು ತೆಲಂಗಾಣ ಸರ್ಕಾರ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. ಆದರೆ ಗಾಡಿ ಮನೆಗೆ ತಂದ ಮೇಲೆ ಚಾರ್ಜ್ ಮಾಡಲು ಪರವಾನಗಿ ಬೇಕೇ?

ಮನೆಯಲ್ಲಿ ಚಾರ್ಜ್ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲೇ ಹೇಳಿದೆ. ಬಿಲ್‌ನಲ್ಲಿರುವ ಮಂಜೂರಾದ ಲೋಡ್ ಮಾತ್ರ ಮೀರುವಂತಿಲ್ಲ.

ಲೆಕ್ಕ ಹೀಗೆ

ಸ್ಕೂಟರ್ ಚಾರ್ಜರ್ ಸಾಮಾನ್ಯವಾಗಿ 1 ಕಿಲೋವ್ಯಾಟ್ ಒಳಗೇ. ಕಾರನ್ನು 16 ಆಂಪಿಯರ್ ಪ್ಲಗ್‌ಗೆ ಹಾಕಿದರೆ ಸುಮಾರು 3.3, ಗೋಡೆಗೆ ಕೂರಿಸುವ ಚಾರ್ಜರ್ 7ರ ಮೇಲೆ. ಬಿಲ್‌ನಲ್ಲಿ 2 ಕಿಲೋವ್ಯಾಟ್ ಇದ್ದವರಿಗೆ ಕಾರು ಭಾರವೇ. ಹಳೇ ವೈರ್ ಕಾಯ್ದು ಬೆಂಕಿ ಹತ್ತೀತು.

ಎಲ್ಲಿ ಅರ್ಜಿ?

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನವರು ಹೆಚ್ಚುವರಿ ಲೋಡ್‌ಗೆ ಟಿಜಿಎಸ್‌ಪಿಡಿಸಿಎಲ್‌ಗೆ ಅರ್ಜಿ ಹಾಕಬೇಕು. ಗಾಡಿಗೆಂದೇ ಬೇರೆ ಕನೆಕ್ಷನ್ ಕೂಡ ಕೇಳಬಹುದು. 2024ರ ಫೆಬ್ರುವರಿಯ ಕೇಂದ್ರ ನಿಯಮದಂತೆ ಕಾಲಮಿತಿ ಪುರಸಭೆ ಊರುಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನ. ಬೀದರ್, ಸೇಡಂ ಕಡೆಯ ನೆಂಟರಿಗೂ ಇದೇ ನಿಯಮ. ಅರ್ಜಿ ಮಾತ್ರ ಜೆಸ್ಕಾಂಗೆ.

ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್‌ನಿಂದಲೇ ಪ್ರತ್ಯೇಕ ವೈರ್, ಅರ್ಥಿಂಗ್, ಎಂಸಿಬಿ, ಇಎಲ್‌ಸಿಬಿ ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ತೆರಿಗೆಯಲ್ಲಿ ಉಳಿದ ದುಡ್ಡಿನಲ್ಲಿ ಸ್ವಲ್ಪ ವೈರಿಂಗ್‌ಗೂ ಇರಲಿ.